ಏಳನೇ ಸಾಲಿನ ಅಕ್ಕ

ಹಾವೇರಿಯ ನನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಮನೆಯೊಡತಿ ಒಡೆದ ಬಕೆಟ್ಟಿನಲ್ಲಿ ಒಂದು ಟೊಮ್ಯಾಟೊ ಗಿಡ ಬೆಳೆಸಿದ್ದಾರೆ. ಕಳೆದ ಭಾನುವಾರ ಬೆಳಿಗ್ಗೆ ಅದು ಗಾಳಿಗೆ ಒಂದು ಕಡೆ ವಾಲಿತ್ತು. ಎತ್ತಿ ಕೋಲಿಗೆ ಕಟ್ಟಿ ಒಳಗೆ ಬಂದು ಕೈ ತೊಳೆದರೆ ಸಾಬೂನಿನ ನೊರೆ ಹಳದಿ ಹಸಿರಾಗಿ ಇಳಿಯಿತು. ಟೊಮ್ಯಾಟೊ ಹಣ್ಣಿನ ವಾಸನೆ ಯಾರಿಗೆ ಗೊತ್ತಿಲ್ಲ? ಎಲೆಯ ವಾಸನೆ ಮಾತ್ರ ಗಿಡದೊಳಗೆ ಕೈಯಿಟ್ಟು ದುಡಿದವರಿಗೆ ಗೊತ್ತು. ಮೂರು ಸಲ ತೊಳೆದರೂ ಬೆರಳ ಸಂದಿಯಲ್ಲಿ ಉಳಿಯುತ್ತದೆ. ಯಾವುದೋ ವಾಸನೆ ಬಂದು ಹಳೆಯದೆಲ್ಲ ಕಣ್ಣ ಮುಂದೆ ಬಂತು ಎಂದು ಬರೆಯುವವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ. ಆ ದಿನ ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದೆ...

ನೆನಪಾದದ್ದು ಅಕ್ಕ. ರಾಣೆಬೆನ್ನೂರಿನಲ್ಲಿ ನಮ್ಮ ಹಿಂದಿನ ಓಣಿಯವಳು. ರಕ್ತಸಂಬಂಧ ಏನೂ ಇರಲಿಲ್ಲ. ನನಗಿಂತ ಏಳೆಂಟು ವರ್ಷ ದೊಡ್ಡವಳು, ಆದ್ದರಿಂದ ಅಕ್ಕ. ತಾಯಿ, ಅವಳು, ಇಬ್ಬರೇ ಒಂದು ಮನೆಯಲ್ಲಿ. ತಾಯಿಗೆ ಉಬ್ಬಸ. ಮನೆ ನಡೆಯುತ್ತಿದ್ದದ್ದು ಅಕ್ಕನ ಕೈಯಿಂದ.

ಆ ಕೈಯ ಬಗ್ಗೆ ಹೇಳಬೇಕು. ನಮ್ಮೂರಿನ ಸುತ್ತ ಹೈಬ್ರಿಡ್ ಬೀಜದ ಪ್ಲಾಟುಗಳು ಬಹಳ. ಅಲ್ಲಿ ಟೊಮ್ಯಾಟೊ ಬೆಳೆಯುವುದು ಹಣ್ಣಿಗಲ್ಲ, ಒಳಗಿನ ಬೀಜಕ್ಕೆ. ಹೆಣ್ಣು ಗಿಡದ ಮೊಗ್ಗು ಅರಳುವ ಮೊದಲೇ ಬಿಡಿಸಿ, ಒಳಗಿನ ಹಳದಿ ಗಂಡುಭಾಗವನ್ನು ಚಿಮಟದಿಂದ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದಿಂದ ತಂದ ಪುಡಿಯನ್ನು ಅದಕ್ಕೆ ಹಚ್ಚಬೇಕು. ಹಚ್ಚಿದ ಹೂವಿಗೆ ಗುರುತಾಗಿ, ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು. ಹಣ್ಣಾದ ಮೇಲೂ ಆ ಗುರುತು ಉಳಿಯುತ್ತದೆ. ಗುರುತಿದ್ದ ಹಣ್ಣಿನ ಬೀಜ ಮಾತ್ರ ಕಂಪನಿಗೆ. ಗಂಡುಭಾಗ ಕೀಳದ ಹೂವಿಗೆ ಗುರುತು ಮಾಡಿದರೆ ಅದು ಕಳ್ಳ ಗುರುತು. ಒಂದು ಪ್ಲಾಟಿನಲ್ಲಿ ಕಳ್ಳ ಗುರುತು ಸಿಕ್ಕರೆ ಕಂಪನಿ ಇಡೀ ಪ್ಲಾಟನ್ನೇ ಬೇಡವೆನ್ನಬಹುದು. ಹಾಗಾಗಿ ಈ ಕೆಲಸಕ್ಕೆ ಬೆರಳಿಗಿಂತ ನಂಬಿಕೆ ಮುಖ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಅಕ್ಕನಿಗೆ ಎರಡೂ ಇದ್ದವು.

ನಾನು ಡಿಗ್ರಿ ಎರಡನೇ ವರ್ಷದ ರಜೆಯಲ್ಲಿ ಅವಳ ಜೊತೆ ದೇವರಗುಡ್ಡದ ದಾರಿಯಲ್ಲಿದ್ದ ಒಂದು ಪ್ಲಾಟಿಗೆ ಹೋಗತೊಡಗಿದೆ. ಆಗಲೇ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಏರಿತ್ತು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಗೆಲ್ಲುತ್ತಿದ್ದೆ. ಅಕ್ಕ ನನಗಿಟ್ಟ ಹೆಸರು ವಕೀಲವ್ವ.

ಅವಳು ಒಂದು ಕ್ಷಣ ಸುಮ್ಮನೆ ಇರುತ್ತಿರಲಿಲ್ಲ. ಪಾತ್ರೆ ಅರ್ಧ ತಿಕ್ಕಿ ಹೂ ಕಟ್ಟಲು ಹೋಗುವಳು, ಹೂ ಅರ್ಧ ಕಟ್ಟಿ ನಮ್ಮ ಮನೆಗೆ ಬಂದು ಅವ್ವನ ಹತ್ತಿರ ಹಿಟ್ಟಿನ ವಿಷಯ ತೆಗೆಯುವಳು, ಆ ಮಾತೂ ಮುಗಿಯುವ ಮೊದಲೇ ಎದ್ದು ಹೋಗುವಳು. ಬುತ್ತಿ ಉಣ್ಣುವಾಗಲೂ ನಿಂತೇ ಉಣ್ಣುತ್ತಿದ್ದಳು. ಆ ವರ್ಷ ನಾನು ಮೊಬೈಲಿನಲ್ಲಿ ಎಡಿಎಚ್‌ಡಿ ಎಂಬ ಹೊಸ ಪದ ಕಲಿತಿದ್ದೆ. ನಿನಗೆ ಗಮನ ಕೊರತೆಯ ರೋಗವಿದೆ ಎಂದು ಅವಳಿಗೆ ಠೀವಿಯಿಂದ ಹೇಳಿದೆ.

“ಕೊರತಿ ಎಲ್ಲೈತಿ? ಎಲ್ಲಾ ಕಡೆ ಹೋಗಿ ಬರತೈತಿ ಅದು. ಬಸ್ಸಿನಂಗ,” ಎಂದಳು. ಆಮೇಲೆ ಸ್ವಲ್ಪ ತಡೆದು, “ಕುಂತ್ರ ಕಣ್ಣು ಎಳೀತಾವವಾ. ಅದಕ್ಕ ಕುಂದ್ರೂದಿಲ್ಲ ನಾ,” ಎಂದಳು.

ಈ ಎರಡನೆಯ ಮಾತನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಬಿಟ್ಟೆ. ಚರ್ಚೆಯಲ್ಲಿ ನಮಗೆ ಬೇಕಾದ ಮಾತನ್ನು ಹಿಡಿದು ಉಳಿದದ್ದನ್ನು ಬಿಡುವುದು ಒಂದು ಕಲೆ. ಅದನ್ನು ನಾನು ಚೆನ್ನಾಗಿಯೇ ಕಲಿತಿದ್ದೆ.

ಇನ್ನೊಂದು ವಿಚಿತ್ರವಿತ್ತು. ನಕ್ಕರೆ ಅವಳ ಮೈ ಸಡಿಲಾಗುತ್ತಿತ್ತು. ಬರೀ ಮುಗುಳ್ನಗೆಗಲ್ಲ, ಹೊಟ್ಟೆ ಹಿಡಿದುಕೊಂಡು ನಗುವಂಥ ನಗೆಗೆ. ಮೊದಲು ಗದ್ದ ಜೋಲುತ್ತಿತ್ತು, ಆಮೇಲೆ ಮೊಣಕಾಲು. ಗೋಡೆ ಹಿಡಿದು ಕುಸಿಯುತ್ತಿದ್ದಳು. ಪ್ರಜ್ಞೆ ಇರುತ್ತಿತ್ತು, ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಅರ್ಧ ನಿಮಿಷದಲ್ಲಿ ಎದ್ದು ಸೆರಗು ಝಾಡಿಸಿಕೊಂಡು ಮತ್ತೆ ಕೆಲಸ. ಒಮ್ಮೆ ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ಸೋದರಮಾವ ಒಳ್ಳೆಯ ತಮಾಷೆಗಾರನಂತೆ. ಅವನು ಏನೋ ಅಂದ, ಅಕ್ಕ ಚಹಾದ ತಟ್ಟೆಯ ಸಮೇತ ಅವರ ಕಾಲ ಬಳಿ ಕುಸಿದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು. ತಾಯಿ ಮೈಲಾರಲಿಂಗನಿಗೆ ಹರಕೆ ಹೊತ್ತಳು. ನಾನು ಇಬ್ಬರ ಮುಂದೆಯೂ ದೇವರಿಗೂ ಮೊಣಕಾಲಿಗೂ ಏನು ಸಂಬಂಧ ಎಂದು ಅರ್ಧ ಗಂಟೆ ವಾದ ಮಾಡಿದೆ. ಹಾಗಾದರೆ ಏನದು ಎಂದು ತಾಯಿ ಕೇಳಿದಾಗ, ಅಭ್ಯಾಸ ಎಂದೆ. ಸಲಿಗೆಯಲ್ಲಿ ಬಂದ ನಾಟಕ, ಬೈದರೆ ಹೋಗುತ್ತದೆ ಎಂದೂ ಅಂದೆ. ಅಕ್ಕ ಅಲ್ಲೇ ಇದ್ದಳು.

ಆದರೂ ನನ್ನ ಜೊತೆ ನಗುವುದನ್ನು ಬಿಡಲಿಲ್ಲ. “ನಗಸಬ್ಯಾಡ, ಮೊಣಕಾಲ ಹೊಕ್ಕಾವು,” ಅನ್ನುತ್ತಲೇ ಗಿಡಕ್ಕೆ ಕಟ್ಟಿದ ಕೋಲನ್ನು ಮೊದಲು ಹಿಡಿದುಕೊಂಡು, ಆಮೇಲೆ ಕಿವಿಗೊಡುತ್ತಿದ್ದಳು. ನನ್ನ ತಮಾಷೆಗೆ ಅಷ್ಟು ತಯಾರಿಯಿಂದ ನಿಂತ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅದು ನಡೆದದ್ದು ಪುಡಿ ಹಚ್ಚುವ ಕೆಲಸ ಭರದಲ್ಲಿದ್ದ ದಿನಗಳಲ್ಲಿ. ಕಂಪನಿಯ ಕಡೆಯಿಂದ ವಾರಕ್ಕೊಮ್ಮೆ ಒಬ್ಬರು ಬಂದು ಸಾಲು ಸಾಲಾಗಿ ಹೂ ಪರೀಕ್ಷಿಸುತ್ತಿದ್ದರು. ಆ ದಿನ ಹನ್ನೆರಡರ ಸುಮಾರಿಗೆ ಅವರು ಏಳನೇ ಸಾಲಿನಲ್ಲಿ ನಿಂತುಬಿಟ್ಟರು. ಸಾಲಿನ ಅರ್ಧಕ್ಕಿಂತ ಹೆಚ್ಚು ದೂರ, ಅರಳಿದ ಹೂಗಳಲ್ಲಿ ಹಳದಿ ಗಂಡುಭಾಗ ಹಾಗೇ ಇತ್ತು. ಕಿತ್ತು ಎಸೆಯಬೇಕಾಗಿದ್ದ ಹೂಗಳು. ಅವಕ್ಕೂ ಒಂದೊಂದಕ್ಕೆ ಎರಡೆರಡು ಎಸಳು ಕತ್ತರಿಸಿ ಗುರುತು ಮಾಡಿತ್ತು. ಏಳನೇ ಸಾಲು ಅಕ್ಕನದು. ಎಂಟನೆಯದು ನನ್ನದು.

ಪ್ಲಾಟಿನ ಸಾವುಕಾರರು ಎಲ್ಲರನ್ನೂ ಪಂಪಿನ ಮನೆಯ ನೆರಳಿಗೆ ಕರೆದರು. ಕೆಟ್ಟವರಲ್ಲ ಅವರು, ಆದರೆ ಆ ಹೊತ್ತು ಅವರ ಮುಖ ಬಿಳಚಿಕೊಂಡಿತ್ತು. ಇದು ಒಂದು ಸಾಲಿನ ತಪ್ಪೋ ಇಡೀ ಪ್ಲಾಟಿನ ಚಾಳಿಯೋ ಎಂದು ಕಂಪನಿಯವರು ಕೇಳುತ್ತಿದ್ದರು. ಉತ್ತರ ಬೇಕಿತ್ತು.

ಅಕ್ಕ ಮುಂದೆ ಬಂದಳು. “ಕೈ ನನ್ನವ ಖರೆರಿ. ಆದ್ರ ಮಾಡಿದ್ದು ನೆನಪಿಲ್ಲ. ಕಣ್ಣು ಹತ್ತಿತ್ತೇನೋ,” ಎಂದಳು.

ಹಿಂದಿನಿಂದ ಒಬ್ಬಳು, ನಿಂತು ಮಲಗಾಕ ನೀ ಏನು ಕುದುರಿಯೇನವಾ ಎಂದಳು. ಎಲ್ಲರೂ ನಕ್ಕರು. ಆ ನಗೆ ನನ್ನನ್ನು ಕೆರಳಿಸಿತು. ಹಿಂದಿನ ತಿಂಗಳಷ್ಟೇ ಬದುವಿನ ಮೇಲೆ ಮಲಗಿದ್ದಳೆಂದು ಒಬ್ಬ ಹೆಂಗಸನ್ನು ಕೆಲಸದಿಂದ ಬಿಡಿಸಿದ್ದರು. ಅಕ್ಕ ತಾನಾಗಿಯೇ ಅದೇ ಗುಂಡಿಗೆ ಇಳಿಯುತ್ತಿದ್ದಾಳೆ, ನಾನು ಎಳೆಯಬೇಕು ಎಂದುಕೊಂಡು ಎದ್ದು ನಿಂತೆ.

ಇಷ್ಟು ವರ್ಷಗಳ ನಂತರವೂ ಆ ಭಾಷಣ ನನಗೆ ಬಾಯಿಪಾಠ. ಒಂದು: ಬೆಳಿಗ್ಗೆ ಎಂಟರಿಂದ ಈಕೆ ಒಮ್ಮೆಯೂ ಕೂತಿಲ್ಲ, ನಾನು ಪಕ್ಕದ ಸಾಲಿನಲ್ಲೇ ಇದ್ದೆ. ಇಡೀ ಪ್ಲಾಟಿನಲ್ಲಿ ಒಂದೂ ಕ್ಷಣ ಸುಮ್ಮನಿರದವಳು ಯಾರು ಎಂದರೆ ಎಲ್ಲರೂ ಈಕೆಯನ್ನೇ ತೋರಿಸುತ್ತಾರೆ. ಎರಡು: ನಾನು ಮಾತನಾಡಿಸಿದಾಗ ಉತ್ತರ ಕೊಟ್ಟಿದ್ದಾಳೆ. ಮೂರು: ಗುರುತುಗಳನ್ನು ನೋಡಿ, ಒಂದೊಂದಕ್ಕೆ ಎರಡೇ ಎಸಳು, ಒಂದೇ ಅಳತೆ. ನಿದ್ದೆಯ ಕೈಗೆ ಅಷ್ಟು ಲೆಕ್ಕ ಎಲ್ಲಿಂದ ಬರುತ್ತದೆ? ಆದ್ದರಿಂದ ಈಕೆ ಕೆಲಸದ ಮೇಲೆ ಮಲಗಿದಳೆಂಬುದು ಸಾಧ್ಯವೇ ಇಲ್ಲ.

ಹೆಂಗಸರು ತಲೆಯಾಡಿಸಿದರು. ಕಂಪನಿಯವರೂ ಹೌದೆಂಬಂತೆ ನೋಡಿದರು. ಗೆದ್ದೆ ಎಂದು ಎದೆಯೊಳಗೆ ಒಂದು ಸಣ್ಣ ಸಂತೋಷ ಎದ್ದಿತು. ಎದ್ದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಸಾವುಕಾರರು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದರು. “ಅಂದ್ರ ಪೂರಾ ಎಚ್ಚರ ಇದ್ಲು ಅಂತೀ?”

“ಪೂರಾ ಎಚ್ಚರ ಇದ್ಲರಿ.”

“ಹಂಗಾರ ಬೇಕಂತನ ಮಾಡ್ಯಾಳ.”

ಎಚ್ಚರವಿದ್ದವಳು, ಕೈ ಪಳಗಿದವಳು, ಒಂದೊಂದಕ್ಕೆ ಎರಡೇ ಎಸಳು ಲೆಕ್ಕ ಹಾಕಿ ಕತ್ತರಿಸಿದವಳು. ಬೇಗ ಸಾಲು ಮುಗಿಸಿ ಹೆಸರು ತಗೊಳ್ಳಲು ಕಳ್ಳ ಗುರುತು ಮಾಡಿದವಳು. ಮೂರೂ ಮೊಳೆ ನಾನೇ ಹೊಡೆದಿದ್ದೆ. ಅವಳಿಗೆ ಉಳಿದಿದ್ದ ಒಂದೇ ಬಾಗಿಲು ನಿದ್ದೆಯದು, ಅದನ್ನು ಎಲ್ಲರ ಮುಂದೆ ಮುಚ್ಚಿದವಳೂ ನಾನೇ.

ಅಕ್ಕ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ಮರೆಯಬಹುದಿತ್ತು. ಏನೋ ಲೆಕ್ಕ ತಪ್ಪಿದವಳಂತೆ ನೋಡಿದಳು... ಆಮೇಲೆ ಚಿಮಟವನ್ನು ಸೆರಗಿನಿಂದ ಒರೆಸಿ ಪಂಪಿನ ಮನೆಯ ಕಿಟಕಿಯಲ್ಲಿಟ್ಟು, ಬುತ್ತಿಯ ಗಂಟು ಎತ್ತಿಕೊಂಡು ಹೊರಟಳು.

ಆ ಸುದ್ದಿ ಬೇರೆ ಪ್ಲಾಟುಗಳಿಗೂ ಮುಟ್ಟಿತು. ಕಳ್ಳ ಗುರುತಿನವಳನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ? ಎರಡು ತಿಂಗಳಲ್ಲಿ ತಾಯಿ ಮಗಳು ಬ್ಯಾಡಗಿಗೆ ಹೋದರು. ಹೊರಡುವ ದಿನ ನಾನು ಕಾಲೇಜಿನಲ್ಲಿದ್ದೆ. ಬೇಕೆಂದೇ ಇದ್ದೆ.

ಒಮ್ಮೆ ಭೇಟಿಯಾದೆವು, ಅದೇ ವರ್ಷ. ಬ್ಯಾಡಗಿಯಲ್ಲಿ ಚರ್ಚಾಸ್ಪರ್ಧೆ ಇತ್ತು, ಬಹುಮಾನದ ಫಲಕ ಚೀಲದಲ್ಲಿತ್ತು. ಬಸ್ಸಿಗೆ ನಡೆದು ಹೋಗುವಾಗ ಮೆಣಸಿನಕಾಯಿ ತೊಟ್ಟು ಬಿಡಿಸುವ ಒಂದು ಶೆಡ್ಡಿನ ಮುಂದೆ ಅಕ್ಕ ನಿಂತು ಚಹಾ ಕುಡಿಯುತ್ತಿದ್ದಳು. ಅವಳೇ ಕೂಗಿ ಕರೆದಳು, ವಕೀಲವ್ವ ಎಂದೇ. ಈ ಘಾಟಿನಲ್ಲಿ ನಿದ್ದೆಗೂ ಸೀನು ಬರುತ್ತದೆ ಎಂದು ಹೇಳಿ ತಾನೇ ನಕ್ಕು ಗೋಡೆಗೆ ಒರಗಿದಳು. ಫಲಕ ತೋರಿಸು ಎಂದಳು. ಖಾರದ ಕೈ ಎಂದು ಮುಟ್ಟಲಿಲ್ಲ, ಬಗ್ಗಿ ಓದಿದಳು. ನಾನು ತಪ್ಪಾಯಿತು ಅನ್ನಲು ಹೊರಟೆ. ಅದಕ್ಕೂ ನನ್ನಲ್ಲಿ ಒಂದು ಪೀಠಿಕೆ ಸಿದ್ಧವಿತ್ತು. ಅವಳು ತಡೆದಳು.

“ನೀ ಯಾಕ ತಪ್ಪಾತು ಅಂತಿ? ಮೊದಲ ನನಗ ಕಣ್ಣು ಹತ್ತಿತ್ತು ಅಂತನ ಅನಿಸಿತ್ತು. ನೀ ಅಷ್ಟು ಚಂದ ಬಿಡಿಸಿ ಹೇಳಿದೆಲ್ಲ... ಆಮ್ಯಾಲೆ ನನಗೂ ಅನಿಸಾಕತ್ತು, ನಾ ಎಚ್ಚರ ಇದ್ದ ಮಾಡಿರಬೇಕು ಅಂತ. ಓದಿದಾಕಿ ನೀ. ಸುಳ್ಳ ಯಾಕ ಹೇಳ್ತಿ?”

ನಾನು ಏನು ಹೇಳಿದೆ ಗೊತ್ತೆ? ಬಸ್ಸಿಗೆ ಹೊತ್ತಾಯಿತು ಎಂದೆ.

ಈಗ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಮಕ್ಕಳನ್ನು ಚರ್ಚೆಗೆ ತಯಾರು ಮಾಡುತ್ತೇನೆ. ಕರ್ಜಗಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ನನ್ನ ತಂಡದಲ್ಲಿದ್ದಾಳೆ. ಕಾಲು ಕುಣಿಸದೆ ಕೂರಲಾರಳು, ವಾದ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಾಳೆ. ಗಮನ ಕೊರತೆ ಎಂದು ಒಬ್ಬ ವೈದ್ಯರು ಮೊದಲೇ ಹೇಳಿದ್ದರು. ಹೋದ ವರ್ಷ ಅವಳು ಗೆಳತಿಯರ ಜೊತೆ ನಗುತ್ತ ನಗುತ್ತ ಕಾರಿಡಾರಿನಲ್ಲಿ ಕುಸಿದಳು. ಗದ್ದ ಜೋಲಿತು, ಮೊಣಕಾಲು ಮಡಚಿತು, ಕಣ್ಣು ಮಾತ್ರ ತೆರೆದಿದ್ದವು. ಉಳಿದವರು ನೀರು ತರಲು ಓಡಿದರು. ನಾನು ಓಡಲಿಲ್ಲ. ಆ ಮೊಣಕಾಲುಗಳನ್ನು ನಾನು ಬಲ್ಲೆ ಅನ್ನಿಸಿತು.

ಹುಬ್ಬಳ್ಳಿಯ ನಿದ್ರಾತಜ್ಞರ ಹತ್ತಿರ ಅವಳ ಅಪ್ಪನ ಜೊತೆ ನಾನೂ ಹೋದೆ. ರಾತ್ರಿಯ ನಿದ್ದೆ, ಹಗಲಿನ ನಿದ್ದೆ ಎರಡನ್ನೂ ಯಂತ್ರ ಹಚ್ಚಿ ನೋಡಿದ ಮೇಲೆ ನಾರ್ಕೊಲೆಪ್ಸಿ ಎಂದರು. ಎಚ್ಚರವನ್ನು ಹಿಡಿದಿಡುವ ಶಕ್ತಿಯೇ ಮಿದುಳಿನಲ್ಲಿ ಸೋರಿಹೋಗುವ ಕಾಯಿಲೆ. ಜೋರಾಗಿ ನಕ್ಕಾಗ ಮೈ ಬಿಡುವುದೂ ಅದರದೇ ಲಕ್ಷಣ. ನಾನು ಬಿಡಲಿಲ್ಲ. ಒಂದು ಕ್ಷಣ ಸುಮ್ಮನಿರದ ಹುಡುಗಿಗೆ ನಿದ್ದೆಯ ರೋಗ ಹೇಗೆ, ಹಾಗಾದರೆ ಗಮನ ಕೊರತೆ ಎಂದದ್ದು ಸುಳ್ಳೇ ಎಂದು ಕೇಳಿದೆ. ಸುಳ್ಳೆನ್ನಲಾಗದು, ಎರಡೂ ಒಬ್ಬರಲ್ಲೇ ಇರಬಹುದು ಎಂದರು. ನಿದ್ದೆಗೆಟ್ಟ ಮಿದುಳು ಗಮನ ಹಿಡಿಯಲಾರದೆ ಗಮನ ಕೊರತೆಯಂತೆ ಕಾಣಿಸುವುದೂ ಉಂಟು, ಕೆಲವು ಗುಳಿಗೆಗಳು ಎರಡಕ್ಕೂ ಆಗುತ್ತವೆ, ಎರಡಕ್ಕೂ ಒಳಗೆ ಏನು ನಂಟು ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ ಎಂದೂ ಹೇಳಿದರು. ಎರಡೂ ಇರಬಹುದು ಎಂದರೆ ಏನೂ ಹೇಳದ ಹಾಗಾಯಿತಲ್ಲ ಎಂದೆ.

ಅವರಿಗೆ ಬೇಸರವಾಗಲಿಲ್ಲ. “ನಿದ್ದಿ ಬಂದ ಕೂಸು ನೋಡೀರೇನು ಮೇಡಂ? ಮಲಗೂಕಿಂತ ಮೊದಲ ಮನಿ ತುಂಬ ಕುಣೀತೈತಿ. ಮೈ ಎಚ್ಚರ ಇರಾಕ ಹೊಡದಾಡತೈತ್ರಿ.”

ಆಮೇಲೆ ಅವರು ಹುಡುಗಿಯ ನೋಟ್ ಪುಸ್ತಕ ಕೇಳಿದರು. ಅರ್ಥಶಾಸ್ತ್ರದ ಟಿಪ್ಪಣಿಯ ಸಾಲೊಂದು ಹಾಳೆಯ ಕೆಳಕ್ಕೆ ಜಾರುತ್ತ ಹೋಗಿ, ಕೊನೆಗೆ ದುಂಡಗಿನ ಅಕ್ಷರದಲ್ಲೇ ‘ಎಮ್ಮಿ ಕಟ್ಟಬೇಕು’ ಎಂದು ಮುಗಿದಿತ್ತು. ಬರೆದದ್ದು ಅವಳಿಗೆ ನೆನಪಿಲ್ಲ. ಅರೆಗಳಿಗೆ ನಿದ್ದೆ ಹತ್ತಿದರೂ ಪಳಗಿದ ಕೈ ತನ್ನ ಕೆಲಸವನ್ನು ತಾನು ಮುಂದುವರಿಸುತ್ತದೆ, ಕೇಳಿದರೆ ಬಾಯಿ ಏನೋ ಉತ್ತರವನ್ನೂ ಕೊಡುತ್ತದೆ ಎಂದರು ವೈದ್ಯರು.

ಉತ್ತರ. ಏಳನೇ ಸಾಲಿನಿಂದ ಅಕ್ಕ ನನಗೆ ಕೊಟ್ಟ ಉತ್ತರ ಏನಾಗಿತ್ತು? ಗಂಟೆ ಎಷ್ಟಾಯಿತು ಎಂದು ನಾನು ಕೇಳಿದ್ದೆ. ಗಿಡಗಳ ಆಚೆಯಿಂದ ಅವಳ ದನಿ ಬಂದಿತ್ತು, “ಉಪ್ಪು ಹಾಕೇನಿ” ಎಂದು. ತಮಾಷೆ ಎಂದುಕೊಂಡು ನಕ್ಕಿದ್ದೆ. ಪಂಪಿನ ಮನೆಯ ಮುಂದೆ ಅದನ್ನು ‘ಉತ್ತರ ಕೊಟ್ಟಿದ್ದಾಳೆ’ ಎಂದು ಎರಡನೆಯ ಅಂಶ ಮಾಡಿದೆ. ಏನು ಉತ್ತರ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಳೆಯ ನೆನಪು ಹಿಡಿದು ಒಬ್ಬರಿಗೆ ರೋಗದ ಹೆಸರು ಕೊಡುವುದು ಕಳಪೆ ವಾದ. ನನ್ನ ವಿದ್ಯಾರ್ಥಿ ಹಾಗೆ ಮಾಡಿದರೆ ಅಂಕ ಕಳೆಯುತ್ತೇನೆ. ಅಕ್ಕನನ್ನು ಯಾವ ಯಂತ್ರವೂ ನೋಡಿಲ್ಲ, ನನಗೆ ಖಾತ್ರಿಯಿಲ್ಲ. ಅವಳು ಸಿಕ್ಕರೆ ಕೈ ಹಿಡಿದು ಹುಬ್ಬಳ್ಳಿಗೆ ಕರೆದೊಯ್ಯಬೇಕು ಎಂದುಕೊಂಡೆ. ಅಂದುಕೊಂಡೇ ಒಂದು ವರ್ಷ ಕಳೆದೆ. ಅವಳು ಮುಂದೆ ನಿಂತರೆ ಮೊದಲು ಏನು ಹೇಳುವುದು ಎಂದು ತಿಳಿಯದೆ ಬರೀ ಕಾರಣ ಹುಡುಕಿದೆ...

ಟೊಮ್ಯಾಟೊ ಗಿಡ ಎತ್ತಿ ಕಟ್ಟಿದ ಆ ಭಾನುವಾರದ ಮರುದಿನ ರಜೆ ಹಾಕಿ ಬ್ಯಾಡಗಿಗೆ ಹೋದೆ. ಶೆಡ್ಡು ಇತ್ತು, ಒಳಗೆ ಕೆಂಪು ರಾಶಿಗಳ ನಡುವೆ ಹೆಂಗಸರಿದ್ದರು, ಅಕ್ಕ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ದೂರದ ಸೋದರಮಾವನೊಬ್ಬ ಬಂದು ಕರೆದುಕೊಂಡು ಹೋದನಂತೆ, ಕೊಲ್ಹಾಪುರದ ಕಡೆ. ಎರಡು ವರ್ಷ ಆಯಿತಂತೆ. ಫೋನು ಹಚ್ಚಿದರೆ ಈಗ ಹತ್ತುವುದಿಲ್ಲ. ಊರ ಹೆಸರು ಒಬ್ಬೊಬ್ಬರು ಒಂದೊಂದು ಹೇಳಿದರು.

ಅವಳ ಹೆಸರು ಎತ್ತಿದ್ದೇ ತಡ ಎಲ್ಲರ ಮುಖವೂ ಅರಳಿತು. ಮಧ್ಯಾಹ್ನ ಅವಳ ಕಣ್ಣು ಎಳೆಯತೊಡಗಿದರೆ ಖಾಲಿ ಚೀಲ ಮಡಚಿ ತಲೆಯ ಕೆಳಗಿಟ್ಟು ಸ್ವಲ್ಪ ಹೊತ್ತು ಬಿಡುತ್ತಿದ್ದರಂತೆ, ಅವಳ ಪಾಲಿನ ಕಾಯಿಯನ್ನು ಸುತ್ತ ಕೂತವರು ಹಂಚಿಕೊಳ್ಳುತ್ತಿದ್ದರಂತೆ. ಎದ್ದ ಮೇಲೆ ಎಲ್ಲರಿಗಿಂತ ಬೇಗ ಮುಗಿಸುತ್ತಿದ್ದಳಂತೆ.

ನಕ್ಕರೆ ಬೀಳುತ್ತಿರಲಿಲ್ಲವೇ ಎಂದು ಕೇಳಿದೆ.

“ಬೀಳ್ತಿದ್ಲಲ್ಲವಾ,” ಎಂದಳು ಒಬ್ಬ ಮುದುಕಿ, ತೊಟ್ಟು ಬಿಡಿಸುವುದನ್ನು ನಿಲ್ಲಿಸದೆ. “ಅದಕ್ಕ ಮೊದಲ ಇಬ್ಬರು ಆಜೂಬಾಜೂ ಹಿಡಕೊಂತಿದ್ವಿ. ಆಮ್ಯಾಲೆ ನಗಸ್ತಿದ್ವಿ.”

ಯಾಕೆ ಹಾಗಾಗುತ್ತದೆ ಎಂದು ನೀವು ಯಾರೂ ಕೇಳಲಿಲ್ಲವೇ ಎಂದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೇಳಿ ಏನು ಮಾಡುವುದಿತ್ತು ಎಂದಳು.

ಮರಳುವಾಗ ಮೋಟೆಬೆನ್ನೂರಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅಕ್ಕ ಎಲ್ಲೋ ಒಂದು ಊರಿನಲ್ಲಿ, ತಾನು ಎಚ್ಚರವಿದ್ದೇ ಮೋಸ ಮಾಡಿದವಳೆಂದು ನಂಬಿಕೊಂಡು ಬದುಕಿದ್ದಾಳೆ. ನಂಬಿಸಿದವಳು ನಾನು. ಮುಂದೆ ಸಿಗುತ್ತಾಳೆಂಬ ಭರವಸೆ ನನಗಿಲ್ಲ. ಸಿಕ್ಕರೆ ಹೇಳಬೇಕಾದ ಮಾತನ್ನು ಅಂಶ ಅಂಶವಾಗಿ ಜೋಡಿಸಲು ನೋಡಿದೆ. ಒಂದೊಂದಾಗಿ ಎಲ್ಲ ಉದುರಿ ಕೊನೆಗೆ ಒಂದೇ ಉಳಿಯಿತು. ಅದನ್ನು ಬಾಯಿಬಿಟ್ಟು ಹೇಳಿ ನೋಡಿದೆ.

“ಅಕ್ಕಾ, ನೀ ಮಲಗಿದ್ದಿ.”

ಪಕ್ಕದ ಸೀಟಿನಲ್ಲಿ ಚೀಲ ತಬ್ಬಿ ಕೂತಿದ್ದ ಹೆಂಗಸು ತಟ್ಟನೆ ನೆಟ್ಟಗಾದಳು. “ಇಲ್ಲವಾ, ಎಚ್ಚರನ ಇದ್ನಿ ನಾ,” ಎಂದಳು.

ಹೌದ್ರಿ ಎಂದೆ. ಅವಳು ಮತ್ತೆ ಕಣ್ಣು ಮುಚ್ಚಿದಳು. ಹಾವೇರಿ ಬರುವವರೆಗೆ ಅವಳ ತಲೆ ನನ್ನ ಹೆಗಲಿಗೆ ಜಾರುತ್ತಿತ್ತು. ಎಬ್ಬಿಸಲಿಲ್ಲ.